ಒಲೆಯ ಲೆಕ್ಕ

'ಕಮ್ಮಟ' ಎಂಬುದು ಕನ್ನಡದ ಹಳೆಯ ಮಾತುಗಳಲ್ಲೊಂದು. ಇಂದು ನಾವು ಕಥಾ ಕಮ್ಮಟ, ಕಾವ್ಯ ಕಮ್ಮಟ, ನಾಟಕ ಕಮ್ಮಟ ಎಂದು ಧಾರಾಳವಾಗಿ ಬಳಸುವ ಈ ಶಬ್ದಕ್ಕೆ ಹಿಂದಿನವರು ಕೊಟ್ಟಿದ್ದ ಅರ್ಥ ಟಂಕಸಾಲೆ ಎಂದು. ಲೋಹವನ್ನು ಕರಗಿಸಿ, ಎರಕ ಹೊಯ್ದು, ನಾಣ್ಯಗಳಿಗೆ ಅಚ್ಚೊತ್ತುತ್ತಿದ್ದ ಸ್ಥಳ ಅದು. ನಾಲ್ಕು ಜನ ಕಲೆತು ಕೈಯಾರೆ ಕೆಲಸ ಮಾಡುತ್ತ ಕಲಿಯುವ ಕೂಟಕ್ಕೆ ಈ ಹೆಸರನ್ನು ಆರಿಸಿಕೊಂಡವರು ಯಾರೇ ಆಗಿರಲಿ, ಅವರ ಆಯ್ಕೆ ಬಹು ಉಚಿತವಾದದ್ದು. ಏಕೆಂದರೆ ಕಮ್ಮಟದಲ್ಲಿ ಎಷ್ಟೇ ಅಂದವಾಗಿ ಅಚ್ಚಾದರೂ ನಾಣ್ಯಕ್ಕೆ ಬೆಲೆ ಬರುವುದು ಅದು ಸಂತೆಯಲ್ಲಿ ಚಲಾವಣೆಯಾದಾಗ. ಸೊಪ್ಪು ಮಾರುವ ಹೆಂಗಸು ಅದನ್ನು ತಿರುಗಿಸಿ ನೋಡಿ ಸೆರಗಿನಲ್ಲಿ ಗಂಟು ಹಾಕಿಕೊಳ್ಳಬೇಕು. ಅವಳು ಒಲ್ಲೆನೆಂದರೆ ಅದು ಬರಿಯ ಬಿಲ್ಲೆ.

ನಾನು ಸಾಹಿತ್ಯದ ಮೇಷ್ಟ್ರು. ಯಂತ್ರಶಾಸ್ತ್ರವಾಗಲಿ ಅರ್ಥಶಾಸ್ತ್ರವಾಗಲಿ ನನ್ನ ಕ್ಷೇತ್ರವಲ್ಲ. ಆದರೂ ಇಂದು ತಮ್ಮ ಮುಂದೆ ಬೇರೊಂದು ಬಗೆಯ ಕಮ್ಮಟಗಳ ಚರಿತ್ರೆಯನ್ನು ಹೇಳಬಯಸುತ್ತೇನೆ. ವಿದ್ಯುತ್ತಿನ ತಂತಿ ತಲುಪದ, ಅಥವಾ ತಲುಪಿಯೂ ಉಪಯೋಗಕ್ಕೆ ಬಾರದ ಹಳ್ಳಿಗಳಲ್ಲಿ, ವಿಜ್ಞಾನಿಗಳೂ ಹಳ್ಳಿಗರೂ ಒಂದೆಡೆ ಕುಳಿತು ಹೊಗೆಯಿಲ್ಲದ ಬೆಂಕಿಯನ್ನೂ ಕೈಗೆಟುಕುವ ಬೆಳಕನ್ನೂ ಹುಡುಕಿದ ಕಥೆ ಅದು. ಆ ಕಥೆಯ ಒಂದು ಮುಖ್ಯ ಭಾಗ ನಡೆದದ್ದು ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಎಂಬುದು ಬಹಳ ಜನಕ್ಕೆ ತಿಳಿಯದು.

ಕಥೆಯನ್ನು ಸ್ವಲ್ಪ ಹಿಂದಿನಿಂದ ಆರಂಭಿಸಬೇಕು. ಮೈಸೂರು ಸಂಸ್ಥಾನ ವಿದ್ಯುತ್ತಿನ ವಿಷಯದಲ್ಲಿ ದೇಶಕ್ಕೇ ಮೇಲ್ಪಂಕ್ತಿಯಾಗಿತ್ತೆಂದು ನಾವು ಹೆಮ್ಮೆಪಡುತ್ತೇವೆ. ಅದು ಸರಿಯೂ ಹೌದು. ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಆದರೆ ಶಿವನಸಮುದ್ರದಿಂದ ಕೋಲಾರದವರೆಗೆ ಆ ತಂತಿ ಎಷ್ಟು ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋಯಿತು! ಅದರ ಕೆಳಗೆ ಉಳುತ್ತಿದ್ದವನಿಗೆ, ಕಳೆ ಕೀಳುತ್ತಿದ್ದವಳಿಗೆ ಅದು ಕಾಗೆ ಕೂರುವ ತಂತಿಯಾಗಿಯೇ ಉಳಿಯಿತು. ಆ ವಿದ್ಯುತ್ತು ಹುಟ್ಟಿ ಅರವತ್ತು ವರ್ಷ ಕಳೆದ ಮೇಲೂ ನಾನು ಅಕ್ಷರ ತಿದ್ದಿದ್ದು ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ. ಬೆಳಗ್ಗೆ ಎದ್ದು ಮೂಗು ಒರೆಸಿಕೊಂಡರೆ ಕೈಗೆ ಮಸಿ. ಆ ಮಸಿಯನ್ನು ನಾವು ಗಮನಿಸುತ್ತಲೇ ಇರಲಿಲ್ಲ. ಅಡಿಗೆಮನೆಯ ಹೊಗೆಯಲ್ಲಿ ಒರೆಸಿಕೊಂಡೂ ಒರೆಸಿಕೊಂಡೂ ಕೆಂಪಾದ ಅವ್ವನ ಕಣ್ಣನ್ನೂ ಗಮನಿಸುತ್ತಿರಲಿಲ್ಲ. ಒಲೆ ಎಂದರೆ ಹೊಗೆ, ಹೊಗೆ ಎಂದರೆ ಕಣ್ಣೀರು. ಅದು ಲೋಕದ ರೀತಿ ಎಂದುಕೊಂಡಿದ್ದೆವು.

ಗಮನಿಸಿದವರು ಇರಲಿಲ್ಲವೆಂದಲ್ಲ. 1934ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು. ಜೆ. ಸಿ. ಕುಮಾರಪ್ಪನವರು ಅದರ ಚಾಲಕಶಕ್ತಿ. ಅಲ್ಲಿನ ಮಗನವಾಡಿಯಲ್ಲಿ ರೂಪುಗೊಂಡ ಮಣ್ಣಿನ ಒಲೆ 'ಮಗನ್ ಚೂಲಾ' ಎಂದು ಹೆಸರಾಯಿತು. 1953ರಲ್ಲಿ ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು ಕೋಟ್ಯಂತರ ಜನರಿಗೆ ಹೊಗೆಯಿಲ್ಲದ ಅಡಿಗೆಮನೆ ಬೇಕೆಂದು ಪುಸ್ತಕವನ್ನೇ ಬರೆದು, ಹೊಗೆಗೊಳವೆಯ ಒಲೆಯೊಂದನ್ನು ಮುಂದಿಟ್ಟರು. ಅದೇ ದಶಕದಲ್ಲಿ ಜಶಭಾಯಿ ಪಟೇಲರು ಸಗಣಿಯಿಂದ ಉರಿಯುವ ಅನಿಲವನ್ನು ಪಡೆಯುವ, ತೇಲುವ ಉಕ್ಕಿನ ಡೋಲಿನ ಸ್ಥಾವರವನ್ನು ರೂಪಿಸಿ 'ಗ್ರಾಮಲಕ್ಷ್ಮಿ' ಎಂದು ಹೆಸರಿಟ್ಟರು. ಖಾದಿ ಆಯೋಗ ಅದನ್ನು ದೇಶದ ತುಂಬ ಹರಡಲು ಯತ್ನಿಸಿತು. ಗೋಬರ್ ಗ್ಯಾಸ್ ಎಂಬ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದು ಹೀಗೆ.

ಇವರೆಲ್ಲರೂ ದೊಡ್ಡ ಮನಸ್ಸಿನವರು. ಆದರೂ ಅವರ ಪ್ರಯತ್ನಗಳಿಗೆ ಒಂದು ಮಿತಿಯಿತ್ತೆಂದು ಇಂದು ತೋರುತ್ತದೆ. ವಸ್ತು ಬೇರೆಲ್ಲೋ ಸಿದ್ಧವಾಗುತ್ತಿತ್ತು. ಹಳ್ಳಿ ಅದನ್ನು ಸ್ವೀಕರಿಸಬೇಕಾಗಿತ್ತು. ಉಕ್ಕಿನ ಡೋಲಿಗೂ ಇಟ್ಟಿಗೆಗೂ ದುಡ್ಡು ಹಾಕಬಲ್ಲವನು, ನಾಲ್ಕಾರು ದನ ಕಟ್ಟಿದವನು ಗೋಬರ್ ಗ್ಯಾಸ್ ಹಾಕಿಸಿಕೊಂಡ. ಒಂದೇ ಎಮ್ಮೆಯಿದ್ದವಳು ಬೀದಿಯಲ್ಲಿ ಆರಿಸಿಕೊಳ್ಳುತ್ತಿದ್ದ ಸಗಣಿಗೂ ಈಗ ಪೈಪೋಟಿ ಬಂತು. ಅಗ್ಗವೆಂದು ಹೇಳಿದ್ದು ಯಾರಿಗೆ ಅಗ್ಗ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆ ಎದ್ದದ್ದು 1970ರ ದಶಕದಲ್ಲಿ. 1973ರ ಕೊನೆಯಲ್ಲಿ ಅರಬ್ ರಾಷ್ಟ್ರಗಳು ಕಚ್ಚಾ ತೈಲಕ್ಕೆ ತಡೆಯೊಡ್ಡಿದಾಗ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಇಂಧನವೆಂದರೆ ಪೆಟ್ರೋಲು, ಡೀಸೆಲು ಎಂದುಕೊಂಡಿದ್ದ ಪಟ್ಟಣದ ಜಗತ್ತು ಬೆಚ್ಚಿಬಿತ್ತು. ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆಯಲ್ಲಿ, ಹೊಸದೊಂದು ಘಟಕ ಹುಟ್ಟಿತು. ವಿಜ್ಞಾನವನ್ನೂ ತಂತ್ರಜ್ಞಾನವನ್ನೂ ಗ್ರಾಮಗಳಿಗೆ ಅನ್ವಯಿಸುವುದು ಅದರ ಗುರಿ. ಇಂಗ್ಲಿಷಿನ ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಅಸ್ತ್ರ' ಎಂದಾಗುತ್ತಿತ್ತು. ಅದರ ಸ್ಥಾಪಕರು ಅಮೂಲ್ಯ ಕುಮಾರ್ ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತು ಬಲ್ಲ ಗ್ರಂಥವೊಂದರ ಸಹಲೇಖಕರು. ಅಂಥವರು ಪ್ರಯೋಗಶಾಲೆಯ ಗಾಜಿನ ಪಾತ್ರೆಗಳನ್ನು ಬಿಟ್ಟು ಮಣ್ಣಿನ ಮಡಕೆಗಳ ಕಡೆಗೆ ತಿರುಗಿದ್ದು ಸಹೋದ್ಯೋಗಿಗಳಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರು ದೂರದ ಉಂಗ್ರ ಎಂಬ ಹಳ್ಳಿಯಲ್ಲಿ ಇವರ ವಿಸ್ತರಣಾ ಕೇಂದ್ರ ಏರ್ಪಟ್ಟಿತು. ಅದರ ಸುತ್ತಣ ಹಳ್ಳಿಗಳಲ್ಲಿ ಪುರ ಒಂದು; 1977ರಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ಯಂತ್ರ ತಂದು ಇಳಿಸುವುದಕ್ಕೆ ಮೊದಲು ಈ ವಿಜ್ಞಾನಿಗಳು ಮಾಡಿದ ಕೆಲಸ ಎಣಿಕೆ. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ತರುತ್ತಾರೆ, ಎಷ್ಟು ದೂರ ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು, ದನ ಕಾಯುವುದಕ್ಕೆ ಎಷ್ಟು ಹೊತ್ತು, ಎಲ್ಲವನ್ನೂ ಮನೆಮನೆಗೆ ಹೋಗಿ ಬರೆದುಕೊಂಡರು. ದೇಶದ ಇಂಧನದ ಲೆಕ್ಕವೆಂದರೆ ಕಲ್ಲಿದ್ದಲಿನ ಟನ್ನು, ತೈಲದ ಪೀಪಾಯಿ, ವಿದ್ಯುತ್ತಿನ ಯೂನಿಟ್ಟು ಎಂದಿದ್ದ ಕಾಲ ಅದು. ಆ ಲೆಕ್ಕದ ಪುಸ್ತಕದಲ್ಲಿ ಪುರದಂಥ ಹಳ್ಳಿಗೆ ಒಂದು ಸಾಲೂ ಇರಲಿಲ್ಲ.

ಎಣಿಸಿದಾಗ ಕಂಡದ್ದೇನು? ಮನುಷ್ಯರ ಹಾಗೂ ದನಗಳ ದುಡಿಮೆಯನ್ನು ಬಿಟ್ಟರೆ ಊರು ಬಳಸುವ ಶಕ್ತಿಯ ಹತ್ತರಲ್ಲಿ ಎಂಟು ಪಾಲಿಗೂ ಮೀರಿ ಸೌದೆಯಿಂದಲೇ ಬರುತ್ತಿತ್ತು. ಅದರಲ್ಲಿ ಬಹುಭಾಗ ಅಡಿಗೆಯ ಒಲೆಗೆ ಹೋಗುತ್ತಿತ್ತು. ಒಂದು ಮನೆಯವರು ಸೌದೆಗಾಗಿ ದಿನಕ್ಕೆ ಸರಾಸರಿ ಎರಡೂವರೆ ಗಂಟೆಗೂ ಮೇಲೆ, ಐದು ಕಿಲೋಮೀಟರಿಗೆ ಸಮೀಪ ಅಲೆಯುತ್ತಿದ್ದರು. ನೀರಿಗೆ ಮತ್ತೆ ಒಂದೂವರೆ ಗಂಟೆ. ವಿದ್ಯುತ್ತಿನ ತಂತಿ ಊರಿಗೆ ಬಂದಿದ್ದರೂ ಎಲ್ಲರ ಮನೆಯೊಳಕ್ಕೆ ಬಂದಿರಲಿಲ್ಲ. ಈ ಅಂಕಿಗಳನ್ನು ಮುಂದೆ ಶ್ರೀಲತಾ ಬಾಟ್ಲಿವಾಲಾ ಎಂಬ ವಿದ್ವಾಂಸೆ ಬೇರೊಂದು ಕಣ್ಣಿನಿಂದ ನೋಡಿ 1982ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಊರಿನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಹೆಂಗಸರ ಪಾಲು ಶೇಕಡ 53, ಗಂಡಸರದು 31, ಮಕ್ಕಳದು 16. ಬಡ ಹೆಂಗಸು ಉಣ್ಣುವ ಅನ್ನದ ಒಂದಂಶ ಆ ಅನ್ನವನ್ನು ಬೇಯಿಸುವ ಸೌದೆ ನೀರು ತರುವುದರಲ್ಲೇ ಕರಗಿಹೋಗುತ್ತದೆ. ಆದುದರಿಂದ ಒಳ್ಳೆಯ ಒಲೆಯೂ ಹತ್ತಿರದ ನೀರೂ ಅವಳಿಗೆ ಆಹಾರಕ್ಕೆ ಸಮ ಎಂಬುದು ಅವರ ವಾದದ ತಿರುಳು.

ಕೇಳುಗರೆ, ನಾನು ಇಂದು ಹೇಳಬೇಕೆಂದಿರುವ ಮಾತಿನ ಮೂಲ ಇಲ್ಲಿದೆ. ಕಾಡಿನ ಸೌದೆ ಬಿಟ್ಟಿ ಎಂದು ನಾವೆಲ್ಲ ತಿಳಿದಿದ್ದೆವು. ಅದಕ್ಕೆ ದುಡ್ಡು ಕೊಡಬೇಕಾಗಿರಲಿಲ್ಲ, ನಿಜ. ಆದರೆ ಅದರ ಬೆಲೆಯನ್ನು ಯಾರೋ ಒಬ್ಬರು ಮೈಯಿಂದ ತೆರುತ್ತಿದ್ದರು. ಆ ಯಾರೋ ಒಬ್ಬರಿಗೆ ಕೂಲಿ ಇರಲಿಲ್ಲವಾದ್ದರಿಂದ ಸೌದೆಗೂ ಬೆಲೆ ಇರಲಿಲ್ಲ. ಈ ಕಮ್ಮಟಗಳು ಕಂಡುಹಿಡಿದ ಯಂತ್ರಗಳು ಅನೇಕ. ಆದರೆ ಎಲ್ಲಕ್ಕಿಂತ ದೊಡ್ಡ ಶೋಧ ಈ ಲೆಕ್ಕವೇ ಎಂದು ನನ್ನ ನಂಬಿಕೆ.

ಲೆಕ್ಕದಿಂದ ಒಲೆಗೆ ಬರೋಣ. ಹಳೆಯ ಒಲೆಯಲ್ಲಿ ಉರಿಯುವ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಕೂಡ ಮಡಕೆಗೆ ಸರಿಯಾಗಿ ಸೇರುತ್ತಿರಲಿಲ್ಲ; ಉಳಿದದ್ದು ಗೋಡೆಗೆ, ಗಾಳಿಗೆ, ಅಡಿಗೆಯವಳ ಮುಖಕ್ಕೆ. 1980ರ ದಶಕದ ಆರಂಭದಲ್ಲಿ ಅಸ್ತ್ರದವರು ರೂಪಿಸಿದ ಮೂರು ಬಾಯಿಯ ಮಣ್ಣಿನ ಒಲೆ ಅದನ್ನು ಹತ್ತರಲ್ಲಿ ಮೂರು ಪಾಲಿಗೂ ಮೇಲಕ್ಕೇರಿಸಿತು. ಉರಿಯ ಕೆಳಗೆ ಜಾಲರಿಯಿಟ್ಟು ಗಾಳಿಗೆ ದಾರಿ ಮಾಡಿ, ಬೂದಿ ಕೆಳಗೆ ಉದುರುವಂತೆ ಮಾಡಿ, ಒಂದು ಬಾಯಿಯಿಂದ ಇನ್ನೊಂದಕ್ಕೆ ಹರಿದ ಬಿಸಿಯನ್ನು ಪಾತ್ರೆಗಳ ತಳಕ್ಕೆ ತಾಗಿಸಿ, ಕೊನೆಗೆ ಹೊಗೆಯನ್ನು ಗೊಳವೆಯ ಮೂಲಕ ಸೂರಿನಾಚೆಗೆ ಕಳುಹಿಸುವ ಒಲೆ ಅದು. 'ಅಸ್ತ್ರ ಒಲೆ' ಎಂದು ಜನ ಕರೆದರು. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ಕರ್ನಾಟಕದ ಉದ್ದಗಲಕ್ಕೆ ಹರಡಿತು.

ಆ ಕಾಲಕ್ಕೆ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ಕಾಲೇಜಿನ ಸೇವಾ ಯೋಜನೆಯ ಹುಡುಗರೊಡನೆ ಒಲೆ ಕಟ್ಟುವುದನ್ನು ನಾಲ್ಕು ದಿನ ಕಲಿತು, ಅಳತೆಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದೆ. ಮೊದಲ ಒಲೆ ನನ್ನವ್ವನಿಗೇ ಎಂದು ಸಂಕಲ್ಪ. ಹಳೆಯ ಒಲೆಯನ್ನು ಒಡೆದು, ಮಣ್ಣು ಕಲಸಿ, ಮಟ್ಟ ಹಿಡಿದು ಕಟ್ಟಿದೆ. ಹೊಗೆ ಸೂರಿನಾಚೆ ನೀಲಿಯಾಗಿ ಎದ್ದಾಗ ನನಗಾದ ಸಂತೋಷ ಎಂ.ಎ. ಪದವಿ ಬಂದಾಗಲೂ ಆಗಿರಲಿಲ್ಲ. ಆರು ತಿಂಗಳ ಮೇಲೆ ಮತ್ತೆ ಬಂದು ನೋಡಿದರೆ ಸೌದೆ ಇಡುವ ಬಾಯಿಯನ್ನು ಕುಡುಗೋಲಿನಿಂದ ಕೆತ್ತಿ ಎರಡರಷ್ಟು ಅಗಲ ಮಾಡಿದ್ದಾಳೆ! ಸಿಟ್ಟು ಬಂತು. ಬಾಯಿ ಅಗಲವಾದರೆ ಗಾಳಿ ಹೆಚ್ಚು ನುಗ್ಗುತ್ತದೆ, ಶಾಖ ಪೋಲಾಗುತ್ತದೆ, ಇಷ್ಟು ಹೇಳಿಕೊಟ್ಟರೂ ಹೀಗೆ ಮಾಡುವುದೇ ಎಂದು ಪಾಠ ಹೇಳಿದೆ. ಅವ್ವ ಕವೆಗೋಲನ್ನು ಪಕ್ಕಕ್ಕಿಟ್ಟು, ಮುದ್ದೆಯ ಕೈಯನ್ನು ತೊಳೆದುಕೊಂಡು, "ಅಳತೆ ತಂದೆ ಸರಿ ಕಣಪ್ಪ, ಸೌದೆ ಎಲ್ಲಿ ತಂದೆ?" ಎಂದಳು.

ನಮ್ಮ ಸೌದೆಯೆಂದರೆ ತೆಂಗಿನ ಮಟ್ಟೆ, ತೊಗರಿ ಕಡ್ಡಿ, ಬೇಲಿಯ ಮುಳ್ಳುಗಳ್ಳಿ. ಉದ್ದನೆಯ ಮಟ್ಟೆಯನ್ನು ಒಂದು ಕಡೆಯಿಂದ ಒಲೆಗೆ ಇಟ್ಟು, ಉರಿದಂತೆಲ್ಲ ಒಳಕ್ಕೆ ತಳ್ಳುತ್ತ ಹೋಗುವುದು ಅವಳ ಪದ್ಧತಿ. ನನ್ನ ಒಲೆಗೆ ಗೇಣುದ್ದ ಸೀಳಿದ ಸೌದೆಯೇ ಬೇಕು. ಅಪ್ಪ ತೀರಿಹೋಗಿದ್ದರು, ಮಗ ಪಟ್ಟಣದಲ್ಲಿ. ಕೊಡಲಿ ಹಿಡಿಯುವವರು ಯಾರು? ಐವತ್ತೈದರ ಹೆಂಗಸು ದಿನಾ ಒಂದು ಗಂಟೆ ಮಟ್ಟೆ ಕಡಿದಳು. ಸೌದೆ ಉಳಿಯಿತು, ಅವಳ ತೋಳು ಉಳಿಯಲಿಲ್ಲ. ಕೊನೆಗೆ ಒಲೆಯ ಬಾಯನ್ನೇ ಕೆತ್ತಿದಳು. ಹೆಂಗಸರ ದುಡಿಮೆಯನ್ನು ಎಣಿಸದೆ ಹೋದ ಹಳೆಯ ಲೆಕ್ಕವನ್ನು ನಾನು ಸಭೆಗಳಲ್ಲಿ ಟೀಕಿಸುತ್ತಿದ್ದೆ. ನನ್ನ ಮನೆಯಲ್ಲೇ ಅದೇ ತಪ್ಪನ್ನು ಹೊಸ ಮಣ್ಣಿನಲ್ಲಿ ಕಟ್ಟಿದ್ದೆ. ಒಲೆ ಕಟ್ಟುವ ಮುಂಚೆ ನಾನು ಅವಳ ಪಕ್ಕದಲ್ಲಿ ಒಂದು ಹೊತ್ತು ಕುಳಿತು ಅಡಿಗೆ ಮಾಡುವುದನ್ನು ನೋಡಿದ್ದರೆ ಸಾಕಾಗಿತ್ತು. ಅಳತೆಪಟ್ಟಿಯ ದೋಷವಲ್ಲ ಅದು. ಕೇಳದೆ ಹೋದವನ ದೋಷ.

ಪುರದ ವಿಜ್ಞಾನಿಗಳೂ ಹೀಗೆ ಎಡವಿದರು. ಅವರ ಹಿರಿಮೆ ಎಡವಿದಲ್ಲಿಂದ ಕಲಿತದ್ದರಲ್ಲಿದೆ. 1980ರ ದಶಕದ ಆರಂಭದಲ್ಲಿ ಊರಿನ ಎಲ್ಲ ದನಗಳ ಸಗಣಿಯನ್ನು ಒಂದೆಡೆ ಸೇರಿಸಿ, ಸಮುದಾಯದ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿ, ಮನೆಮನೆಗೂ ಅಡಿಗೆಯ ಅನಿಲ ಕೊಡುವುದೆಂದು ಯೋಜನೆ ಹಾಕಿದರು. ನಡೆಯಲಿಲ್ಲ. ಬಡಕಲು ದನಗಳ ಸಗಣಿಯಿಂದ ಎಲ್ಲರ ಎರಡು ಹೊತ್ತಿನ ಅಡಿಗೆಗೆ ಸಾಲುವಷ್ಟು ಅನಿಲ ಹುಟ್ಟುವಂತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಸೌದೆ ಕಷ್ಟಪಟ್ಟಾದರೂ ದುಡ್ಡಿಲ್ಲದೆ ಸಿಗುತ್ತಿತ್ತು; ಮನೆಯ ಯಜಮಾನನ ಕಣ್ಣಿಗೆ ಅನಿಲ ಹೊಸ ಖರ್ಚಾಗಿ ಕಂಡಿತೇ ಹೊರತು ಉಳಿತಾಯವಾಗಿ ಕಾಣಲಿಲ್ಲ. ಆಗ ವಿಜ್ಞಾನಿಗಳು ಮತ್ತೆ ಊರವರೊಡನೆ ಕುಳಿತು, ನಿಮಗೆ ಮೊದಲು ಬೇಕಾದದ್ದು ಏನು ಎಂದು ವಿಚಾರಿಸಿದರು. ಊರು ಹೇಳಿತು: ಕುಡಿಯುವ ನೀರು.

ನೀರೆಂದರೆ ಇಂಧನವಲ್ಲವಲ್ಲ ಎನ್ನಬಹುದು. ಆದರೆ ಆಳದ ಕೊಳವೆ ಬಾವಿಯಿಂದ ನೀರನ್ನು ಮೇಲೆತ್ತುವುದು ಶಕ್ತಿಯ ಕೆಲಸವೇ. 1987ರಲ್ಲಿ ಪುರದ ಸ್ಥಾವರ ಹೊಸ ರೂಪ ತಾಳಿತು. ಸಗಣಿಯ ಅನಿಲಕ್ಕೆ ಸ್ವಲ್ಪ ಡೀಸೆಲನ್ನು ಬೆರೆಸಿ ಪುಟ್ಟ ಎಂಜಿನ್ ಓಡಿಸಿ, ಅದರಿಂದ ವಿದ್ಯುತ್ತು ಹುಟ್ಟಿಸಿ, ಬೆಳಗ್ಗೆ ನೀರನ್ನು ತೊಟ್ಟಿಗೆ ಏರಿಸಿದರು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು ಹೊತ್ತಿಸಿದರು. ಯಂತ್ರ ನಡೆಸಿದವರು ಊರಿನ ಯುವಕರು. ಹಣಕಾಸು ನೋಡಿಕೊಂಡದ್ದು ಊರಿನ ಸಭೆ. ಸಗಣಿ ತಂದವರಿಗೆ ಕಿಲೋಗೆ ಎರಡು ಪೈಸೆ. ಅನಿಲ ಹೋದ ಮೇಲೆ ಉಳಿಯುವ ಗಸಿಯನ್ನು ಅವರೇ ಹೊತ್ತು ಹೊಲಕ್ಕೆ ಒಯ್ಯಬಹುದು. ಅದು ಗೊಬ್ಬರವಾಗಿ ಮೊದಲಿಗಿಂತ ಕಡಿಮೆಯದಲ್ಲ, ಕಳೆಯ ಬೀಜದ ಕಾಟವೂ ಕಡಿಮೆ. ಎರಡು ಪೈಸೆ ದೊಡ್ಡ ಮೊತ್ತವೇ ಎಂದು ನಗಬೇಡಿ. ಸಗಣಿ ಹೊರುತ್ತಿದ್ದವರು ಬಹುಮಟ್ಟಿಗೆ ಹೆಂಗಸರು, ಮಕ್ಕಳು. ಅದುವರೆಗೆ ಲೆಕ್ಕಕ್ಕೇ ಬಾರದಿದ್ದ ಅವರ ದುಡಿಮೆಗೆ ಕೂಲಿ ಗೊತ್ತಾಯಿತು.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿದ್ವಾಂಸ ಪ್ರಸಿದ್ಧವಾದ ಲೇಖನವೊಂದನ್ನು ಬರೆದಿದ್ದ. ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಒಂದೊಂದು ದನವನ್ನು ಹೆಚ್ಚಾಗಿ ಬಿಡುತ್ತ ಹೋಗಿ ಕೊನೆಗೆ ಗೋಮಾಳವೇ ಹಾಳಾಗುತ್ತದೆ, ಇದು ಸಾಮಾನ್ಯ ಸೊತ್ತಿನ ದುರಂತ ಎಂಬುದು ಅವನ ವಾದ. ರೆಡ್ಡಿಯವರು ಪುರದ ಅನುಭವದಿಂದ ಇದಕ್ಕೆ ಉತ್ತರ ಕೊಟ್ಟರು. ಪುರದಲ್ಲಿ ಒಬ್ಬನು ಸಗಣಿ ಕೊಡದೆ, ಹಣ ಕಟ್ಟದೆ ತಪ್ಪಿಸಿಕೊಂಡರೆ ಅವನಿಗಾಗುವ ಲಾಭ ಚಿಕ್ಕದು. ಅದರಿಂದ ವ್ಯವಸ್ಥೆ ನಿಂತುಹೋದರೆ ಅವನ ಮನೆಯ ದೀಪವೂ ನಲ್ಲಿಯೂ ನಿಂತು ಆಗುವ ನಷ್ಟ ದೊಡ್ಡದು. ಹೀಗೆ ಒಬ್ಬೊಬ್ಬನ ಹಿತವೂ ಊರಿನ ಹಿತವೂ ಒಂದೇ ದಾರಿಗೆ ಬಂದವು. ದುರಂತವಲ್ಲ, ಇದು ಸಾಮಾನ್ಯ ಸೊತ್ತಿನ ವರ ಎಂದರು. ಹಾರ್ಡಿನ್ನನ ಲೇಖನಕ್ಕೆ ಬಂದ ಉತ್ತರಗಳು ಎಷ್ಟೋ. ಅವುಗಳಲ್ಲೊಂದು ಕುಣಿಗಲ್ ತಾಲ್ಲೂಕಿನ ಸಗಣಿಯ ಬುಟ್ಟಿಯಿಂದ ಎದ್ದು ಬಂತೆಂಬುದು ನನಗೆ ಅಭಿಮಾನದ ಸಂಗತಿ.

ಅದೇ ತಾಲ್ಲೂಕಿನ ಹೊಸಹಳ್ಳಿಗೆ ತಂತಿಯೇ ಬಂದಿರಲಿಲ್ಲ. ಸುಮಾರು 35 ಮನೆಗಳ ಆ ಊರಿನಲ್ಲಿ 1988ರಲ್ಲಿ ಬೇರೊಂದು ಪ್ರಯೋಗ ಆರಂಭವಾಯಿತು. ಸೌದೆಯನ್ನು ಕಡಿಮೆ ಗಾಳಿಯಲ್ಲಿ ಕಾಯಿಸಿದರೆ ಉರಿಯಬಲ್ಲ ಅನಿಲ ಹೊರಡುತ್ತದೆ. ಅದನ್ನು ಶೋಧಿಸಿ ತಣಿಸಿ ಎಂಜಿನ್ನಿಗೆ ಕೊಟ್ಟರೆ ವಿದ್ಯುತ್ತು ಹುಟ್ಟುತ್ತದೆ. ವಿಜ್ಞಾನ ಮಂದಿರದ ಪ್ರಯೋಗಶಾಲೆಯಲ್ಲೇ ರೂಪುಗೊಂಡ ಈ ಯಂತ್ರಕ್ಕೆ ಸೌದೆ ಒದಗಿಸಲು ಊರಿನ ನೆಲದಲ್ಲೇ ಎರಡು ಹೆಕ್ಟೇರಿನಷ್ಟು ತೋಪು ಬೆಳೆಸಿದರು. ಮೊದಲು ದೀಪ, ಆಮೇಲೆ ಕುಡಿಯುವ ನೀರು, ಹಿಟ್ಟಿನ ಗಿರಣಿ, ಕಡೆಗೆ ನೀರಾವರಿ. ಒಂದೂವರೆ ದಶಕದ ಕಾಲ ಅದು ನಡೆಯಿತೆಂಬುದು ಇಂಥ ಪ್ರಯೋಗಗಳ ಚರಿತ್ರೆಯಲ್ಲಿ ಸಣ್ಣ ಮಾತಲ್ಲ. ಎಲ್ಲೋ ಒಂದು ಬೀಸುವ ಕಲ್ಲು ಗೋಡೆಗೆ ಒರಗಿತೆಂದರೆ ಒಬ್ಬ ಹೆಂಗಸಿಗೆ ಬೆಳಗಿನ ಜಾವದ ಒಂದು ನಿದ್ದೆ ಹೆಚ್ಚಿಗೆ ದಕ್ಕಿತೆಂದು ಅರ್ಥ.

ಹಾಗಾದರೆ ಇವು ಇಂದು ಎಲ್ಲಿವೆ ಎಂದು ತಾವು ಕೇಳಬಹುದು. ಇಲ್ಲ. ಪುರದ ಸ್ಥಾವರ ಸುಮಾರು ಒಂದು ದಶಕ ನಡೆದು ನಿಂತಿತು. ಹೊಸಹಳ್ಳಿಯ ಯಂತ್ರವೂ ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತಿತು. 1980ರ ದಶಕದ ಆರಂಭದಲ್ಲಿ ಶುರುವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 3 ಕೋಟಿಗೂ ಮೇಲೆ ಒಲೆ ಹಂಚಿದೆನೆಂದು ಲೆಕ್ಕ ಹೇಳಿ 2002ರಲ್ಲಿ ಮುಗಿಯಿತು. ಅವುಗಳಲ್ಲಿ ಎಷ್ಟು ಒಲೆಗಳ ಬಾಯನ್ನು ಕುಡುಗೋಲು ಕೆತ್ತಿತೋ! ಹಂಚಿದ್ದನ್ನು ಎಣಿಸಿದವರು ಉರಿದದ್ದನ್ನು ಅಷ್ಟೇ ಶ್ರದ್ಧೆಯಿಂದ ಎಣಿಸಲಿಲ್ಲ. ದೂರದ ಜಾಲದ ವಿದ್ಯುತ್ತನ್ನು ಸರ್ಕಾರ ರಿಯಾಯಿತಿಯಲ್ಲಿ ಕೊಡುವಾಗ, ಪ್ರತಿ ಪೈಸೆಯನ್ನೂ ತಾನೇ ದುಡಿಯಬೇಕಾದ ಊರಿನ ಪುಟ್ಟ ಯಂತ್ರ ಅದರ ಸಮಕ್ಕೆ ನಿಲ್ಲುವುದು ಕಷ್ಟ. ವಿಜ್ಞಾನಿಗಳು ಎಷ್ಟು ಕಾಲ ಊರಿನಲ್ಲಿ ಇರಬಲ್ಲರು? ಕೆಟ್ಟ ಬಿಡಿಭಾಗಕ್ಕೆ ಬೆಂಗಳೂರಿಗೆ ಓಡುವ ಸ್ಥಿತಿ ಇರುವ ತನಕ ಊರಿನ ಯಂತ್ರ ಪೂರ್ತಿಯಾಗಿ ಊರಿನದಾಗುವುದಿಲ್ಲ.

ಇದಕ್ಕೆ ಎದುರು ನಿದರ್ಶನವೂ ನಮ್ಮಲ್ಲಿದೆ. ಉತ್ತರ ಕನ್ನಡದ ಶಿರಸಿ ಸೀಮೆಯಲ್ಲಿ ಮನೆಮನೆಯ ಗೋಬರ್ ಗ್ಯಾಸ್ ಸ್ಥಾವರಗಳು ಬಹುಪಾಲು ಎಲ್ಲವೂ ನಡೆಯುತ್ತಿರುವುದನ್ನು ವಿಜ್ಞಾನಿಗಳು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಿಸಿದರು. ಅಡಿಕೆ ತೋಟದ ಆ ಮನೆಗಳಲ್ಲಿ ದನವಿತ್ತು, ನೀರಿತ್ತು, ತೋಟಕ್ಕೆ ಗೊಬ್ಬರ ಬೇಕಿತ್ತು. ಅದಕ್ಕಿಂತ ಮಿಗಿಲಾಗಿ, ಸ್ಥಾವರ ಕಟ್ಟಿದವನು ಅದೇ ಸೀಮೆಯವನು. ಕೆಟ್ಟರೆ ಕರೆದ ಕೂಡಲೆ ಬರುತ್ತಿದ್ದ, ಬರದಿದ್ದರೆ ಮುಂದಿನ ಮನೆಯ ಕೆಲಸ ಅವನಿಗೆ ಸಿಗುತ್ತಿರಲಿಲ್ಲ. ಆದರೆ ಶಿರಸಿಯ ತೋಟದ ಮನೆಯೂ ಪುರದ ಕೂಲಿಯ ಗುಡಿಸಲೂ ಒಂದಲ್ಲ ಎಂಬುದನ್ನು ಮರೆಯಬಾರದು.

ಕೂಲಿಯವನ ಮನೆಗೆ ದೀಪ ಹೇಗೆ ಹೋದೀತು ಎಂಬ ಪ್ರಶ್ನೆಯನ್ನು ಮುಂದೆ ಎತ್ತಿಕೊಂಡವರಲ್ಲಿ ಹರೀಶ್ ಹಂದೆಯವರು ಮುಖ್ಯರು. 1995ರಲ್ಲಿ ಅವರು ನೆವಿಲ್ ವಿಲಿಯಮ್ಸ್ ಅವರೊಡನೆ ಸ್ಥಾಪಿಸಿದ ಸೆಲ್ಕೋ ಸಂಸ್ಥೆ ಸೂರ್ಯನ ಬೆಳಕಿನಿಂದ ನಡೆಯುವ ದೀಪಗಳನ್ನು ಕರ್ನಾಟಕದ ಹಳ್ಳಿಗಳಿಗೆ ಒಯ್ದಿತು. ಬೀದಿಬದಿಯ ವ್ಯಾಪಾರದ ಹೆಂಗಸೊಬ್ಬಳು ತನಗೆ ಕಲಿಸಿದ ಪಾಠವನ್ನು ಹಂದೆಯವರು ಸಭೆಗಳಲ್ಲಿ ನೆನೆಯುತ್ತಾರೆ: ತಿಂಗಳಿಗೆ ಮುನ್ನೂರು ರೂಪಾಯಿ ಅವಳಿಗೆ ದುಬಾರಿ, ದಿನಕ್ಕೆ ಹತ್ತು ರೂಪಾಯಿಯಾದರೆ ಕೊಡಬಲ್ಲಳು. ಗಣಿತದ ಮೇಷ್ಟ್ರಿಗೆ ಎರಡೂ ಒಂದೇ. ದಿನದಿನದ ಸಂಪಾದನೆಯಿಂದ ಬದುಕುವವಳಿಗೆ ಎರಡೂ ಬೇರೆಬೇರೆ. ಆ ಮಾತನ್ನು ಕೇಳಿಸಿಕೊಂಡದ್ದರಿಂದಲೇ ಬ್ಯಾಂಕುಗಳನ್ನು ಒಪ್ಪಿಸಿ, ದುಡಿಮೆಯ ರೀತಿಗೆ ತಕ್ಕಂತೆ ಕಂತು ಕಟ್ಟುವ ಸಾಲದ ಏರ್ಪಾಡು ಸಾಧ್ಯವಾಯಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅದರಲ್ಲಿ ಆ ಹೆಂಗಸಿಗೂ ಒಂದು ಪಾಲಿದೆ ಎಂದರೆ ಅವರು ಅಲ್ಲಗಳೆಯಲಾರರು.

ಈಗ ಕಾಲ ಬದಲಾಗಿದೆ. 2016ರಿಂದೀಚೆಗೆ ಬಡ ಮನೆಗಳ ಹೆಂಗಸರ ಹೆಸರಿನಲ್ಲಿ ಹತ್ತು ಕೋಟಿಗೂ ಮೀರಿ ಅಡಿಗೆ ಅನಿಲದ ಸಂಪರ್ಕಗಳಾಗಿವೆ. ದೇಶದ ಎಲ್ಲ ಜನವಸತಿಯ ಹಳ್ಳಿಗಳಿಗೂ ವಿದ್ಯುತ್ತು ತಲುಪಿತೆಂದು 2018ರ ಏಪ್ರಿಲ್ಲಿನಲ್ಲಿ ಸರ್ಕಾರ ಸಾರಿತು. ಇವು ಸಣ್ಣ ಸಾಧನೆಗಳಲ್ಲ. ಹಳೆಯದನ್ನು ಹೊಗಳುವ ಭರದಲ್ಲಿ ಇವನ್ನು ಹಳಿಯುವುದು ಅನ್ಯಾಯ. ಆದರೆ ಊರಿನ ನೂರು ಮನೆಗಳಲ್ಲಿ ಹತ್ತಕ್ಕೆ ಸಂಪರ್ಕ ಸಿಕ್ಕರೂ ಆ ಊರನ್ನು ವಿದ್ಯುತ್ತು ಬಂದ ಊರೆಂದು ಎಣಿಸುವುದು ನಿಯಮವಾಗಿತ್ತು ಎಂಬುದನ್ನು ನೆನೆದರೆ, ಪುರದಲ್ಲಿ ಮನೆಮನೆಗೆ ಹೋಗಿ ಎಣಿಸಿದವರ ಬೆಲೆ ತಿಳಿಯುತ್ತದೆ. ಸಿಲಿಂಡರು ಮನೆಗೆ ಬಂದರೂ ಅದು ಖಾಲಿಯಾದಾಗ ಮತ್ತೆ ತರಿಸಲು ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದವಳು ಮತ್ತೆ ಬೇಲಿಯ ಕಡೆಗೇ ನಡೆಯುತ್ತಾಳೆ. ಅವಳ ಆ ನಡಿಗೆ ಮತ್ತೆ ಬಿಟ್ಟಿಯೆಂದೇ ಲೆಕ್ಕಕ್ಕೆ ಸೇರುತ್ತದೆ.

ಅಮೂಲ್ಯ ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಅಸ್ತ್ರ ಎಂಬ ಹೆಸರೂ ಬದಲಾಗಿ ಆ ಘಟಕ ಬೇರೊಂದು ಹೆಸರಿನಿಂದ ಮುಂದುವರಿದಿದೆ. ಪುರದಲ್ಲಿ ಆಗಿನ ಯಂತ್ರ ಇಲ್ಲದಿರಬಹುದು. ಆದರೆ ಯೋಜನೆಯ ಕಾಗದವನ್ನು ಪಕ್ಕಕ್ಕಿಟ್ಟು ನಿಮಗೆ ಏನು ಬೇಕು ಎಂದು ವಿಜ್ಞಾನಿಗಳು ಕೇಳಿದ, ನೀರು ಎಂದು ಊರು ಹೇಳಿದ ಆ ಗಳಿಗೆ ಇಲ್ಲವಾಗಲಿಲ್ಲ. ಮುಂದೆ ಇಂಥ ಕಮ್ಮಟ ನಡೆಸುವವರು, ಅದು ಸೂರ್ಯನ ಬೆಳಕಿನದೇ ಆಗಲಿ ಗಾಳಿಯದೇ ಆಗಲಿ, ಆ ಗಳಿಗೆಯಿಂದಲೇ ಆರಂಭಿಸಬೇಕು.

ನನ್ನವ್ವನ ವಿಷಯ ಹೇಳಿ ಮುಗಿಸುತ್ತೇನೆ. ಆ ಬೇಸಿಗೆಯಲ್ಲೇ ನಾವಿಬ್ಬರೂ ಒಲೆಯನ್ನು ಇನ್ನೊಮ್ಮೆ ಕಟ್ಟಿದೆವು. ಬಾಯಿಯ ಅಗಲವನ್ನು ಅವಳು ಒಂದು ಮಟ್ಟೆಯನ್ನು ಅಡ್ಡಲಾಗಿ ಹಿಡಿದು ತೋರಿಸಿದಳು. ಗಾಳಿ ನುಗ್ಗದಂತೆ ಒಂದು ತಗಡಿನ ಮುಚ್ಚಳವನ್ನು ನಾನು ಮಾಡಿಸಿಕೊಟ್ಟೆ. ಪುಸ್ತಕದ ಒಲೆಗಿಂತ ಅದು ಸೌದೆಯನ್ನು ಸ್ವಲ್ಪ ಹೆಚ್ಚಾಗಿಯೇ ತಿನ್ನುತ್ತಿತ್ತು. ಹಳೆಯ ಒಲೆಗಿಂತ ಎಷ್ಟೋ ಕಡಿಮೆ. ಅವಳಿರುವ ತನಕ, ಹದಿನಾಲ್ಕು ವರ್ಷ, ಅದೇ ಒಲೆಯಲ್ಲಿ ಅಡಿಗೆಯಾಯಿತು.